ಅತ್ತೆಯವರ ಎಲುಬು, ನನ್ನ ಮರ್ಯಾದೆ

ಒಂದೂವರೆ ವರ್ಷ ನನಗೆ ಸಿಕ್ಕ ಮರ್ಯಾದೆ ಈ ರಾಜ್ಯದ ಯಾವ ಮಂತ್ರಿಗೂ ಸಿಕ್ಕಿರಲಿಕ್ಕಿಲ್ಲ. ದಿನಕ್ಕೆ ಮೂವತ್ತು ಸಲ ಒಬ್ಬರು ನನ್ನನ್ನು ಕಂಡು ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಎದ್ದವರು ಸ್ವತಃ ನನ್ನ ಅತ್ತೆಯವರು! ಅವರಿಗೆ ಎಪ್ಪತ್ತು, ನನಗೆ ಐವತ್ತಾರು. ಬೈಲಹೊಂಗಲದ ಒಂದು ಓಣಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡು ಉಪ್ಪು, ಸಕ್ಕರೆ ತೂಗಿಕೊಡುವ ಮನುಷ್ಯ ನಾನು. ಇಂಥವನಿಗೆ ದಿನಕ್ಕೆ ಮೂವತ್ತು ಸಲ ಯಾರು ಏಳುತ್ತಾರೆ, ನೀವೇ ಹೇಳಿ!

ನಮ್ಮ ಕಡೆಯ ಹಳೆಯ ಹೆಂಗಸರಿಗೆ ಅಳಿಯನೆಂದರೆ ಅರ್ಧ ದೇವರು. ಅವನ ಎದುರು ಕೂಡ್ರಬಾರದು, ತಲೆಯ ಮೇಲಿನ ಸೆರಗು ಜಾರಬಾರದು, ಮುಖ ನೋಡಿ ಮಾತಾಡಬಾರದು. ಬೇರೆ ಮನೆಗಳಲ್ಲಿ ಈ ಪದ್ಧತಿ ಸಡಿಲಾಗಿ ಎಷ್ಟೋ ಕಾಲವಾಯಿತು. ಅತ್ತೆ, ಅಳಿಯ ಒಂದೇ ಸೋಫಾದ ಮೇಲೆ ಕೂತು ಧಾರಾವಾಹಿ ನೋಡುತ್ತಾರೆ, ವಿಲನ್ನಿನ ಮೇಲೆ ಕೂಡಿಯೇ ಸಿಟ್ಟಾಗುತ್ತಾರೆ. ನಮ್ಮ ಅತ್ತೆಯವರು ತೊರಗಲ್ ಕೋಟೆಯ ಕೆಳಗೆ ಹುಟ್ಟಿ ಬೆಳೆದವರು. ಆ ಕೋಟೆಯ ಕಲ್ಲುಗಳಾದರೂ ಅಲ್ಲೊಂದು ಇಲ್ಲೊಂದು ಜಾರಿ ಬಿದ್ದಿವೆ, ಇವರ ಸೆರಗು ಜಾರಿದ್ದನ್ನು ಮಾತ್ರ ಯಾರೂ ಕಂಡಿಲ್ಲ.

ಹಾಗೆಂದು ನಮ್ಮ ನಡುವೆ ಮಾತೇ ಇರಲಿಲ್ಲವೆನ್ನುವಂತಿಲ್ಲ. ಇತ್ತು, ನನ್ನ ಹೆಂಡತಿಯ ಮುಖಾಂತರ. ನಾನು ಮೂರು ಅಡಿ ದೂರದಲ್ಲಿ ಊಟಕ್ಕೆ ಕೂತಿದ್ದರೂ ಅತ್ತೆಯವರು ಮಗಳಿಗೆ, "ಕೇಳ ಅವರಿಗೆ, ಇನ್ನೊಂದ ರೊಟ್ಟಿ ಹಾಕಲೇನು?" ಎನ್ನುವರು. ನಾನು ಹೆಂಡತಿಗೆ, "ಬ್ಯಾಡ ಅಂತ ಹೇಳ," ಎನ್ನುವೆ. ಅವಳು ಗಂಭೀರವಾಗಿ ತಾಯಿಯ ಕಡೆ ತಿರುಗಿ, "ಎರಡ ಹಾಕು ಅನ್ನಾಕ ಹತ್ಯಾರವ್ವಾ," ಎನ್ನುವಳು! ಇಪ್ಪತ್ತೆಂಟು ವರ್ಷ ನಾನು ಈ ಅನುವಾದವನ್ನು ಉಂಡೆ.

ಎರಡು ವರ್ಷದ ಹಿಂದೆ ಅವಳು ತೀರಿಕೊಂಡಳು. ಹೊಟ್ಟೆನೋವು ಎಂದು ದವಾಖಾನೆಗೆ ಹೋದವಳು ಮೂರು ತಿಂಗಳು ಉಳಿಯಲಿಲ್ಲ. ನಮಗೆ ಮಕ್ಕಳಿಲ್ಲ. ಇದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಅವಳ ದಿನಕರ್ಮಗಳೆಲ್ಲ ಮುಗಿದ ಮೇಲೆ, ಮಗಳ ಆರೈಕೆಗೆ ಬಂದಿದ್ದ ಅತ್ತೆಯವರು ರಾಮದುರ್ಗಕ್ಕೆ, ಮಗನ ಮನೆಗೆ ಹೊರಟರು. ಮಗಳಿಲ್ಲದ ಮನೆಯಲ್ಲಿ ಅಳಿಯನ ಅನ್ನ ಉಂಡು ಇರುವುದು ಅವರ ಪದ್ಧತಿಯಲ್ಲಿ ಎಲ್ಲಿಯೂ ಇರಲಿಲ್ಲ. ಕರೆದುಕೊಂಡು ಹೋಗಲು ಮಗನೂ ಬಂದಿದ್ದ. ನನ್ನ ಹೆಂಡತಿಯ ತಮ್ಮ, ಪಂಪ್ ರಿಪೇರಿ ಮಾಡುವವನು. ಅವನು ಚೀಲ ಎತ್ತಿಕೊಂಡು ಮುಂದೆ ನಡೆದ. ಅತ್ತೆಯವರು ಹೊಸ್ತಿಲು ದಾಟುವಾಗ ಎಡವಿದರು. ಬಿದ್ದದ್ದೂ ಅಲ್ಲ, ಸುಮ್ಮನೆ ಕೈ ಊರಿದರು. ಅಷ್ಟಕ್ಕೇ ಮಣಿಕಟ್ಟು ಮುರಿಯಿತು!

ಎಲುಬಿನ ಡಾಕ್ಟರು ಕೈಗೆ ಪಟ್ಟಿ ಹಾಕಿ, ಆಮೇಲೆ ಬೆಳಗಾವಿಗೆ ಕಳಿಸಿ ಸ್ಕ್ಯಾನ್ ಮಾಡಿಸಿದರು. ವಯಸ್ಸಾದ ಹೆಂಗಸರಿಗೆ ಎಲುಬು ಒಳಗೊಳಗೇ ಸವೆದು ಟೊಳ್ಳಾಗುತ್ತದೆ, ಇವರದು ಬಹಳ ಟೊಳ್ಳಾಗಿದೆ, ಎಂದು ಬಿಡಿಸಿ ಹೇಳಿದರು. ಅತ್ತೆಯವರು ಸೆರಗಿನೊಳಗಿಂದಲೇ, "ಅಂದ್ರ ನನ್ನ ಎಲುಬು ಚುರಮುರಿ ಆಗ್ಯಾವ ಅನ್ರಿ," ಎಂದರು. ಡಾಕ್ಟರು ನಕ್ಕು, ಹೌದೆಂದು ತಲೆಯಾಡಿಸಿದರು. ಗುಳಿಗೆ ಬರೆದುಕೊಟ್ಟರು. ಗುಳಿಗೆ ಅಷ್ಟೇ ಸಾಲದು, ಕೈ ಕೂಡಿದ ಮೇಲೆ ತೂಕ ಎತ್ತಬೇಕು, ಭಾರ ಬಿದ್ದರೇ ಎಲುಬು ಗಟ್ಟಿಯಾಗುವುದು, ಎಂದೂ ಹೇಳಿದರು.

"ಐವತ್ತ ವರ್ಷ ನೀರ ಹೊತ್ತೇನಿ, ಹುಲ್ಲ ಹೊತ್ತೇನಿ, ಹಡದೇನಿ, ಹೆಣಾನೂ ಕಂಡೇನಿ. ಇನ್ನೂ ಭಾರ ಹೊರು ಅಂತಾನಲ್ಲಾ ಈ ಡಾಕ್ಟರ!" ಎಂದು ಅತ್ತೆಯವರು ಮಗನಿಗೆ ಹೇಳಿದರು.

ಮಗ ಅಂದ, "ಯವ್ವಾ, ರಾಮದುರ್ಗದಾಗೂ ಡಾಕ್ಟರ ಅದಾರ. ನಡಿ."

"ಪಟ್ಟಿ ಕಟ್ಟಿದಾಂವನ ಬಿಚ್ಚಬೇಕು. ಎಲುಬು ಗಟ್ಟಿ ಆದ ದಿನಾ ಬರತೇನಿ, ನೀ ಹೋಗು."

ಹೀಗೆ ಅವರು ನನ್ನ ಮನೆಯಲ್ಲಿ ಉಳಿದದ್ದು ಎಲುಬಿನ ಪರವಾನಗಿಯ ಮೇಲೆ. ಪರವಾನಗಿ ಮುಗಿಯುವ ದಿನವನ್ನೂ ಅವರೇ ಗೊತ್ತು ಮಾಡಿಬಿಟ್ಟಿದ್ದರು.

ಈಗ ಮಾತಿನ ಪ್ರಶ್ನೆ ಬಂತು. ಅನುವಾದಕಿಯೇ ಇಲ್ಲವಲ್ಲ! ಅತ್ತೆಯವರು ಎರಡು ದಿನ ಯೋಚಿಸಿ ಅಡಿಗೆಮನೆಯ ಬಾಗಿಲನ್ನು ಆರಿಸಿಕೊಂಡರು. "ಚಾ ಆರಾಕ ಹತ್ತೈತಿ," ಎಂದು ಬಾಗಿಲಿಗೆ ಹೇಳುವರು. ನಾನೂ ಬಾಗಿಲಿಗೇ, "ಬಂದೆ ಅಂತ ಹೇಳ್ರಿ," ಎನ್ನುವೆ. ಬಾಗಿಲು ಪ್ರಾಮಾಣಿಕವಾಗಿ ಕೆಲಸ ಮಾಡಿತು. ಆದರೆ ಎರಡು ರೊಟ್ಟಿ ಹೆಚ್ಚು ಹಾಕಿಸುವ ಬುದ್ಧಿ ಅದಕ್ಕೆ ಎಲ್ಲಿಂದ ಬರಬೇಕು?

ಕೈ ಕೂಡಿದ ಮೇಲೆ ವ್ಯಾಯಾಮ ಕಲಿಸಲು ನಸ್ರೀನ್ ಎಂಬ ಹುಡುಗಿ ಬಂದಳು. ನಮ್ಮ ಊರಿನ ಟೆಂಪೋ ಡ್ರೈವರನ ಮಗಳು, ಫಿಜಿಯೋಥೆರಪಿ ಓದಿದವಳು. ನಗುನಗುತ್ತ ಎರಡು ಕೆಂಪು ಡಂಬೆಲ್ ತೆಗೆದು, "ಆಯೀ, ಒಂದೊಂದ ಕೇಜಿ ಅದಾವ. ಹತ್ತ ಸಲ ಮ್ಯಾಲ ಎತ್ರಿ, ಹತ್ತ ಸಲ ಇಳಸ್ರಿ," ಎಂದಳು.

"ಎತ್ತಿ ಎಲ್ಲಿ ಇಡಬೇಕವ್ವಾ?"

"ಎಲ್ಲೂ ಇಡೂದಿಲ್ರಿ. ಎತ್ತೂದು, ಇಳಸೂದು."

"ಮತ್ತ ಅಲ್ಲೇ ಇಳಸೂದಾದ್ರ ಯಾಕ ಎತ್ತಬೇಕು? ನಮ್ಮ ಮಂದಿ ಉದ್ಯೋಗ ಇಲ್ಲದ ಇಂಥಾದ ಮಾಡಾಂಗಿಲ್ಲ."

ಅದಲ್ಲದೆ ಡಂಬೆಲ್ಲಿನ ಮೇಲೂ ಅವರಿಗೆ ಸಂಶಯ. ಒಂದು ಕೇಜಿ ಎಂದು ಕೆತ್ತಿದ್ದನ್ನು ನಂಬಲಿಲ್ಲ. ಅಂಗಡಿಯ ತಕ್ಕಡಿಯಲ್ಲಿ ಇಡಿಸಿದರು. ನಲವತ್ತು ಗ್ರಾಮ್ ಕಡಿಮೆ ಬಂತು! ಮುಗಿಯಿತು. "ಎಲುಬಿನ ಔಷಧದಾಗೂ ಕಲಬೆರಕಿ," ಎಂದು ಬಾಗಿಲಿಗೆ ದೂರು ಹೋಯಿತು. ಡಂಬೆಲ್ ಮಂಚದ ಕೆಳಗೆ ಹೋಯಿತು.

ಕುರ್ಚಿಯ ಮೇಲೆ ಕೂತು, ಕೈ ಊರದೆ ಏಳುವುದು ಇನ್ನೊಂದು ವ್ಯಾಯಾಮ. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಹತ್ತು ಸಲ. ತೊಡೆಗೆ, ಸೊಂಟಕ್ಕೆ ಬಲ ಬಂದರೆ ಮತ್ತೆ ಬೀಳುವುದಿಲ್ಲ ಎಂದು ನಸ್ರೀನ್ ಬೇಡಿಕೊಂಡಳು. "ಸುಮ್ಮ ಸುಮ್ಮನ ಏಳೂದು, ಕುಂದ್ರೂದು! ನೋಡಿದವರು ನನಗ ತಲಿ ಕೆಟ್ಟೈತಿ ಅನ್ನಾಂಗಿಲ್ಲೇನು?" ಎಂದು ಅತ್ತೆಯವರು ಕುರ್ಚಿಯಲ್ಲಿ ಕಲ್ಲಿನಂತೆ ಕೂತರು. ಅದೇ ಹೊತ್ತಿಗೆ ನಾನು ಚಶ್ಮಾ ಹುಡುಕುತ್ತ ಒಳಗೆ ಕಾಲಿಟ್ಟೆ. ಅತ್ತೆಯವರು ಚಟ್ಟನೆ ಎದ್ದು ನಿಂತರು, ಕೈ ಊರದೆ!

ನಸ್ರೀನ್ ನನ್ನನ್ನು ನೋಡಿದಳು, ಅತ್ತೆಯವರನ್ನು ನೋಡಿದಳು. ಹೊರಗೆ ಕರೆದು, "ಕಾಕಾ, ನೀವ ಅವರ ಔಷಧ," ಎಂದಳು. "ದಿನಾ ಮೂರ ಹೊತ್ತು, ಹತ್ತಹತ್ತ ಸಲ ಒಳಗ ಹೋಗ್ರಿ, ಹೊರಗ ಬರ್ರಿ. ತಪ್ಪಸಬ್ಯಾಡ್ರಿ."

ನಾನು ಜೀವನದಲ್ಲಿ ಎಂದೂ ನಾಟಕ ಮಾಡಿದವನಲ್ಲ. ಒಂದು ಕೋಣೆಗೆ ಹತ್ತು ಸಲ ಹೋಗಲು ಹತ್ತು ನೆಪ ಬೇಕೆಂದು ಆಗ ತಿಳಿಯಿತು. ಮೊದಲ ಸಲ ಚಶ್ಮಾ, ಎರಡನೆಯ ಸಲ ಚಶ್ಮಾದ ಡಬ್ಬಿ. ಮೂರನೆಯ ಸಲ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತು ಎಂದು ನೋಡಿದೆ. ನಾಲ್ಕನೆಯ ಸಲ ಹುಣ್ಣಿಮೆ. ಐದಕ್ಕೆ ಕಿಟಕಿ ತೆರೆದೆ, ಆರಕ್ಕೆ ಅದೇ ಕಿಟಕಿ ಹಾಕಿದೆ. ಏಳನೆಯ ಸಲ ಒಳಗೆ ಹೋಗಿ ಏನೂ ತೋಚದೆ ಹಲ್ಲಿಯನ್ನು ನೋಡುತ್ತ ನಿಂತೆ. ಪ್ರತಿ ಸಲ ಅತ್ತೆಯವರು ಎದ್ದರು, ಪ್ರತಿ ಸಲ ನಾನು ಹೊರಗೆ ಬಂದ ಮೇಲೆ ಕೂತರು. ಸಂಜೆ ಬಾಗಿಲಿಗೆ, "ಪಾಪ, ಆಕಿ ಹೋದ ಮ್ಯಾಲ ಅವರಿಗೆ ನೆನಪ ನಿಲ್ಲವಲ್ದು," ಎಂದರು. ಮರ್ಯಾದೆಯ ಜೊತೆಗೆ ಅನುಕಂಪವೂ ಸಿಕ್ಕಿತು!

ತೂಕ ಎತ್ತಿಸುವುದಕ್ಕೂ ನನಗೆ ದಾರಿ ಹೊಳೆಯಿತು. ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಉದ್ಯೋಗವಿಲ್ಲದೆ ಎತ್ತುವುದಿಲ್ಲವೆಂದವರಿಗೆ ಉದ್ಯೋಗ ಕೊಟ್ಟರಾಯಿತು! ಒಂದು ಕೇಜಿಯ ಬೆಲ್ಲದ ಪೊಟ್ಟಣಗಳನ್ನು ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟು, ಹಲಗೆಯ ಮೇಲಕ್ಕೆ ಹೋಗಬೇಕಿತ್ತಲ್ಲ ಎಂದು ಬಾಗಿಲಿಗೆ ಹೇಳಿದೆ. ಅರ್ಧ ತಾಸಿನಲ್ಲಿ ಎಲ್ಲ ಹಲಗೆಯ ಮೇಲಿದ್ದವು. ಮರುದಿನ ಅವರು ಏಳುವ ಮೊದಲೇ ನಾನು ಎಲ್ಲವನ್ನೂ ಕೆಳಗಿಳಿಸಿದೆ. ಅವರು ಮತ್ತೆ ಮೇಲಿಟ್ಟರು. ಮೂರು ತಿಂಗಳ ಮೇಲೆ ಒಂದು ಕೇಜಿಯ ಜಾಗಕ್ಕೆ ಎರಡು ಕೇಜಿಯ ಎಣ್ಣೆ ಡಬ್ಬಿ ಬಂತು. ಆಮೇಲೆ ಹಳೆಯ ಕಬ್ಬಿಣದ ತೂಕದ ಕಲ್ಲುಗಳನ್ನೂ ಅವರಾಗಿಯೇ ಹೊರಗೆ ತೆಗೆದರು. ಅವು ಮೋಸ ಮಾಡುವುದಿಲ್ಲವಂತೆ!

ಗೋಡೆಗೆ ಎರಡೂ ಕೈ ಕೊಟ್ಟು ನೂಕುವ ವ್ಯಾಯಾಮವನ್ನು ಮಾತ್ರ ಯಾವ ಉದ್ಯೋಗಕ್ಕೂ ಹೊಂದಿಸಲಾಗಲಿಲ್ಲ. ಅದನ್ನು ಅವರು ಅಂಗಡಿಯ ಹಿಂದಿನ ಗೋಡೆಗೆ ನಿಂತು, ನಸ್ರೀನಳ ಮೇಲಿನ ಪ್ರೀತಿಗೆ ಮಾಡುತ್ತಿದ್ದರು. ಸಕ್ಕರೆ ಒಯ್ಯಲು ಬಂದ ಎದುರು ಮನೆಯವರು ಇಣುಕಿ ನೋಡಿ, "ಏನ್ರೀ ಸಾಹುಕಾರ, ನಿಮ್ಮತ್ತಿಯವರು ಯಾಕ ಗ್ವಾಡಿ ನೂಕಾಕ ಹತ್ಯಾರ?" ಎಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ಅತ್ತೆಯವರೇ ನೂಕುತ್ತ ನೂಕುತ್ತ, "ಮನಿ ಸಣ್ಣದಾಗೈತಿ, ದೊಡ್ಡದ ಮಾಡಾಕ ಹತ್ತೇನಿ," ಎಂದರು.

ಅವರು ಗಟ್ಟಿಯಾಗುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು. ಮೊದಲು ಎದ್ದು ನಿಲ್ಲುವಾಗ "ಶಿವಾ" ಎನ್ನುತ್ತಿದ್ದರು. ಆಮೇಲೆ ಶಿವನನ್ನು ಕರೆಯುವುದು ಬಿಟ್ಟರು. ಮುರಗೋಡದ ಮಠಕ್ಕೆ ಒಂದು ಸೋಮವಾರ ಹೋದಾಗ ಬಸ್ಸಿನ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ಹಿಂದೆ ನಿಂತಿದ್ದ ನಾನು ಸಂತೋಷಪಟ್ಟೆ. ಸೀಟಿನಲ್ಲಿ ಕೂತ ಮೇಲೆ ಆ ಸಂತೋಷ ಎಲ್ಲಿಗೋ ಹೋಯಿತು. ಗಟ್ಟಿಯಾದರೆ ಇವರು ಹೋಗುತ್ತಾರಲ್ಲ! ನಾನೇ ದಿನಕ್ಕೆ ಮೂವತ್ತು ಸಲ ಒಳಗೆ ಹೊರಗೆ ಓಡಾಡಿ ಇವರನ್ನು ರಾಮದುರ್ಗಕ್ಕೆ ಕಳಿಸುತ್ತಿದ್ದೇನಲ್ಲ! ಆಮೇಲೆ ಆ ಬಾಗಿಲಿಗೆ ಹೇಳುವುದಕ್ಕೆ ನನ್ನ ಹತ್ತಿರ ಏನಿರುತ್ತದೆ?

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಮರುದಿನದಿಂದ ನಾನು ಔಷಧದಲ್ಲಿ ಕಲಬೆರಕೆ ಮಾಡಿದೆ. ಹತ್ತರ ಬದಲು ಎಂಟೇ ಸಲ ಒಳಗೆ ಹೋದೆ. ಎರಡರಲ್ಲಿ ಏನು ಮಹಾ ಎಂದು ನನಗೆ ನಾನೇ ಹೇಳಿಕೊಂಡೆ. ಡಬ್ಬಿಗಳನ್ನೂ ಪೂರ್ತಿ ಇಳಿಸಲಿಲ್ಲ. ಐದು ದಿನ ಹೀಗೆ ನಡೆಯಿತು. ಆರನೆಯ ದಿನ ಮಧ್ಯಾಹ್ನ ಎಂಟನೆಯ ಸಲ ಹೊರಗೆ ಬಂದು ಗಿರಾಕಿಗೆ ಬೇಳೆ ತೂಗುತ್ತಿದ್ದೆ. ಒಳಗಿನಿಂದ ಅತ್ತೆಯವರು ಬಾಗಿಲಿಗೆ ಹೇಳಿದ್ದು ಕೇಳಿಸಿತು:

"ಇನ್ನೂ ಎರಡ ಉಳದಾವ. ಐದ ದಿನದಿಂದ ಎರಡೆರಡ ಕಮ್ಮಿ ಬೀಳಾಕ ಹತ್ಯಾವ. ನಲವತ್ತ ಗ್ರಾಮ್ ಹೋಗಿದ್ದಕ್ಕ ನಾ ಬಿಟ್ಟಿಲ್ಲ, ಇದನ್ನ ಬಿಡತೇನೇನು?"

ಬೇಳೆ ತಕ್ಕಡಿಯಿಂದ ಹೊರಗೆ ಚೆಲ್ಲಿತು. ಅಂದರೆ ಎಲ್ಲವೂ ಗೊತ್ತಿತ್ತು! ಚಶ್ಮಾ, ಹುಣ್ಣಿಮೆ, ಹಲ್ಲಿ, ರಾತ್ರಿಯಿಂದ ಬೆಳಗಾಗುವುದರೊಳಗೆ ಕೆಳಗಿಳಿಯುವ ಡಬ್ಬಿಗಳು, ಎಲ್ಲವೂ! ನಾನು ಸೋತ ಹುಡುಗನಂತೆ ಎದ್ದುಹೋಗಿ ಉಳಿದ ಎರಡನ್ನೂ ಪೂರೈಸಿದೆ. ಯಾವ ನೆಪವನ್ನೂ ಹೇಳಲಿಲ್ಲ. ಅವರು ಎರಡು ಸಲವೂ ಎದ್ದು ನಿಂತರು. ಅಂದಿನಿಂದ ನಾನು ಒಂದೂ ತಪ್ಪಿಸಲಿಲ್ಲ.

ಮೊನ್ನೆ ಬೆಳಗಾವಿಗೆ ಹೋಗಿ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು ಹಳೆಯ ಕಾಗದ, ಹೊಸ ಕಾಗದ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, "ಸವೆಯೂದು ನಿಂತೈತ್ರಿ ಅಮ್ಮಾ. ಸ್ವಲ್ಪ ಗಟ್ಟೀನೂ ಆಗೈತಿ. ಮೈಯಾಗ ಶಕ್ತಿ ಅಂತೂ ಭಾಳ ಬಂದೈತಿ. ಹಿಂಗ ಮಾಡಕೋತ ಇರ್ರಿ," ಎಂದರು. ನಸ್ರೀನ್ ಪೇಡೆ ಹಂಚಿದಳು. ನಾನು ರಾಮದುರ್ಗಕ್ಕೆ ಫೋನು ಮಾಡಿದೆ. ಮಾಡದೆ ಏನು ಮಾಡಲಿ? ಅತ್ತೆಯವರು ಮಗನಿಗೆ ಕೊಟ್ಟ ಮಾತು ಮಾತೇ.

ನಿನ್ನೆ ಹೆಂಡತಿಯ ತಮ್ಮ ಬಂದ. ನಾನು ಅಡಿಗೆಮನೆಗೆ ಹೋಗಿ ಚಹಾ ಮಾಡುತ್ತ ನಿಂತೆ. ಸೌಟು, ಕಪ್ಪು ಬಸಿ, ಚಹಾ ಸೋಸುವ ಜರಡಿ, ಎಲ್ಲವನ್ನೂ ಬೇಕಾದ್ದಕ್ಕಿಂತ ಎರಡೆರಡು ಸಲ ತೊಳೆದೆ. ಒಳಗೆ ತಾಯಿ ಮಗ ಮಾತಾಡುತ್ತಿದ್ದರು. ಚೀಲ ತುಂಬಿದ್ದಾರೋ ಇಲ್ಲವೋ ನೋಡಲು ನನಗೆ ಧೈರ್ಯವಾಗಲಿಲ್ಲ. ಕಡೆಗೆ ಮೂರು ಕಪ್ಪು ತಾಟಿನಲ್ಲಿ ಇಟ್ಟುಕೊಂಡು ಒಳಗೆ ಹೋದೆ.

ಅತ್ತೆಯವರು ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ನೋಡಿದರು. ಏಳಲಿಲ್ಲ.

ಮತ್ತೆ ಬಿದ್ದರೇ? ಮೊಣಕಾಲು ಹಿಡಿಯಿತೇ? ತಾಟು ಹಿಡಿದುಕೊಂಡು ಅಲ್ಲೇ ನಿಂತೆ. ಮಗನಿಗೂ ವಿಚಿತ್ರವೆನಿಸಿರಬೇಕು, ಮೆಲ್ಲಗೆ, "ಯವ್ವಾ, ಮಾಮಾ ಬಂದಾರ..." ಎಂದ.

"ಬರಲಿ," ಎಂದರು ಅತ್ತೆಯವರು. "ಮನಿ ಮಂದಿ ಒಳಗ ಬರತಾರ, ಹೊರಗ ಹೋಗತಾರ. ಅವರಿಗೆಲ್ಲಾ ಎದ್ದ ನಿಂತಕೋತ ಕುಂತ್ರ ನನ್ನ ಎಲುಬಿನ ಗತಿ ಏನು? ಹೊರಗಿನವರು ಯಾರರ ಬಂದ್ರ ಏಳತೇನಿ." ಆಮೇಲೆ ನೇರ ನನ್ನ ಮುಖ ನೋಡಿ, "ಅವಗ ಮೊದಲ ಚಾ ಕೊಡ್ರಿ. ನಾಲ್ಕರ ಬಸ್ಸಿಗೆ ಹೋಗಾಂವ ಅದಾನ," ಎಂದರು.

ಅವನಿಗೆ ಕೊಟ್ಟೆ. ಅವರಿಗೆ ಕೊಟ್ಟೆ. ನನ್ನ ಕಪ್ಪು ಹಿಡಿದುಕೊಂಡು ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಅವರು ಎದುರಿನ ಕುರ್ಚಿಯ ಕಡೆಗೆ ಗದ್ದ ಎತ್ತಿದರು. ಕೂತೆ. ಮೂವತ್ತು ವರ್ಷದಲ್ಲಿ ಮೊದಲ ಸಲ ನಾನೂ ನನ್ನ ಅತ್ತೆಯವರೂ ಎದುರುಬದುರು ಕೂತು ಚಹಾ ಕುಡಿದೆವು. ಸಕ್ಕರೆ ಹಾಕುವುದನ್ನೇ ಮರೆತಿದ್ದೆ. ಮೂರೂ ಕಪ್ಪು ತಳದವರೆಗೆ ಖಾಲಿಯಾದವು.