ಚಿಗುರಿದ ನೇಗಿಲು

ಚಿನಕುರಳಿಯ ಚಲುವರಾಜುವಿನ ಮನೆ ನಲ್ಲಿಯಲ್ಲಿ ಬೆಳಗಾಗುತ್ತಲೇ ನೀರು ನಿಂತಿತು. ತಾರಸಿ ಮೇಲಿನ ಟ್ಯಾಂಕಿನ ಪೈಪಿಗೆ ಕಸ ಕಟ್ಟಿತ್ತು. ಹತ್ತೋಣವೆಂದರೆ ಏಣಿ ಇಲ್ಲ. ಹೋದ ವರ್ಷ ಒಯ್ದ ಬೀಗರು ಮಂಚಯ್ಯ ಇನ್ನೂ ತಂದುಕೊಟ್ಟಿರಲಿಲ್ಲ.

"ಓಗಿ ಕೇಳ್ಬಾರ್ದಾ? ಕೊಪ್ಪರಿಗೇಲಿರೋ ನೀರು ದನಕ್ಕೂ ಸಾಕಾಗಲ್ಲ," ಎಂದಳು ಹೆಂಡತಿ ಚಿಕ್ಕಬೋರಮ್ಮ.

"ಮಗಳ್ನ ಕೊಟ್ಟಿರೋ ಮನೇಲಿ ಬಾಯ್ಬುಟ್ಟು ಕೇಳಕ್ಕಾಯ್ತದಾ? ನಾಳೆ ಹೇಮಶ್ರೀ ತಟ್ಟೇಲಿ ಮುದ್ದೆ ಜತೆ ಆ ಮಾತ್ನೂ ಬಡಿಸ್ತಾರೆ. ನಾಜೂಕಾಗಿ ಏಳ್ತೀನಿ ಬುಡು."

ಡೈರಿಯ ಸಾಲಿನಲ್ಲಿ ಮಂಚಯ್ಯ ಹಾಲಿನ ಕ್ಯಾನು ಹಿಡಿದು ನಿಂತಿದ್ದರು. ಏಣಿ ಎಂದರೆ ಮುಖಕ್ಕೇ ಹೇಳಿದಂತಾದೀತೆಂದು ಚಲುವರಾಜು ಕತೆಯಲ್ಲಿ ಅದನ್ನು ನೇಗಿಲು ಮಾಡಿಕೊಂಡ.

"ಶೀಳನೆರೆ ತಾವ ಒಬ್ಬ ಇದ್ದ ಕಣ್ರಪ್ಪಾ. ಪಕ್ಕದ್ಮನೆ ನೇಗ್ಲು ತಂದೋನು ವಾಪಸ್ ಕೊಡ್ನೇ ಇಲ್ಲ. ಮೂಲೇಲಿದ್ದ ನೇಗ್ಲು ಚಿಗುರ್ಬುಡ್ತು! ಮರ ಆಗಿ ಸೂರು ಎತ್ಕೊಂಡ್ ಓಯ್ತು. ಅವ್ನ ಸಂಸಾರ ಈಗ ಕೊಂಬೆ ಮೇಲದೆ."

ಸಾಲಿಗೆ ಸಾಲೇ ನಕ್ಕಿತು. ಮಂಚಯ್ಯ ಕಣ್ಣೊರೆಸಿಕೊಂಡು ನಕ್ಕರು. ಕತೆ ನಾಟಿತೋ ಇಲ್ಲವೋ ತಿಳಿಯಲಿಲ್ಲ.

ಮಧ್ಯಾಹ್ನ ಪಂಚರ್ ಅಂಗಡಿಯ ಇನಾಯತುಲ್ಲಾ ಬಂದು ಹಾರೆಯನ್ನು ದೊಪ್ಪನೆ ಹಾಕಿದ. "ಕೇಳಿದ್ರೆ ಕೊಡ್ತಿರ್ಲಿಲ್ವಾ ಭಾಯ್? ಅಷ್ಟು ಜನದ ಮುಂದೆ ನನ್ನ ಕೊಂಬೆ ಮೇಲೆ ಕೂರಿಸ್ಬೇಕಿತ್ತಾ?"

ಅವನ ಹಿಂದೆಯೇ ಎದುರುಮನೆಯ ಕುಳ್ಳಮ್ಮ ಜರಡಿ ಎಸೆದಳು. "ನನ್ ಸೂರಿನ ಮೇಲೆ ಕಣ್ಣೇನ್ಲಾ ನಿಂಗೆ?"

ಅವು ತನ್ನವೆಂಬುದೇ ಚಲುವರಾಜುವಿಗೆ ಮರೆತಿತ್ತು.

ಸಂಜೆ ಮಂಚಯ್ಯ ಬಂದರು. ಹೆಗಲ ಮೇಲೆ ಏಣಿ! ಗೊಬ್ಬರದ ಮೂಟೆ ಇಳಿಸಿದಷ್ಟು ಹಗುರಾಯಿತು ಚಲುವರಾಜುವಿಗೆ.

"ನಿಮ್ ಕತೆ ಕೇಳಿ ನಂಗೂ ಒಂದು ಗ್ಯಾಪ್ಕ ಬಂತು ಬೀಗ್ರೆ," ಎಂದರು ಮಂಚಯ್ಯ, ಕಾಫಿ ಹೀರುತ್ತ. "ಮಾಕವಳ್ಳಿ ತಾವ ಯಾರೋ, ಮಗಳ ಮದ್ವೇಗೆ ಅಂತ ಕೊಪ್ಪರಿಗೆ ಈಸ್ಕೊಂಡೋರು..."

ಅವರು ಮುಗಿಸುವ ಮೊದಲೇ ಚಿಕ್ಕಬೋರಮ್ಮ ಉಳಿದಿದ್ದ ನೀರು ಚೆಲ್ಲಿ, ಅವರ ಮನೆಯ ಕೊಪ್ಪರಿಗೆಯನ್ನು ಉರುಳಿಸಿಕೊಂಡು ತಂದಳು.

"ಒಬ್ಬನೇ ಒರಕ್ಕಾಗಲ್ಲ ಅಂತ ಈ ಏಣಿ ತಂದೆ," ಎಂದು ಮಂಚಯ್ಯ ಕೊಪ್ಪರಿಗೆಯನ್ನು ಏಣಿಯ ಮೇಲಿಟ್ಟರು. "ಯಾವ್ ಪುಣ್ಯಾತ್ಮಂದೋ, ವರ್ಷದಿಂದ ನಮ್ಮನೇಲೇ ಅದೆ. ಇಡ್ಕಳಿ ಆ ಕಡೆ."

ಚಲುವರಾಜು ತನ್ನ ಏಣಿಗೆ ತಾನೇ ಹೆಗಲು ಕೊಟ್ಟು ಬೀಗರ ಮನೆಗೆ ನಡೆದ.

ಬಾಗಿಲಲ್ಲಿ ಹೇಮಶ್ರೀ ನಗುತ್ತ ನಿಂತಿದ್ದಳು. "ಬಾ ಅಪ್ಪಾ, ನಿನ್ ಕತೆ ಏಳ್ಕೊಂಡು ಮಾವ ಬೆಳಿಗ್ಗೆಯಿಂದ ನಗ್ತಾವ್ರೆ!"

ಸದ್ಯ, ಸಂಬಂಧ ಕೆಡಲಿಲ್ಲ ಎಂದು ಅವನು ಉಸಿರು ಬಿಟ್ಟ. ಮೆಲ್ಲಗೆ, "ಒಂದ್ ಬಿಂದಿಗೆ ನೀರ್ ಕೊಡವ್ವ, ದನ ಬಾಯಾರ್ಕೊಂಡವೆ," ಎಂದ.

ಬಿಂದಿಗೆ ಹೊತ್ತು ಹೊರಟವನನ್ನು ಮಂಚಯ್ಯ ಕೂಗಿದರು:

"ನಿಧಾನ್ಕೆ ತಂದ್ಕೊಡಿ ಬೀಗ್ರೆ. ಚಿಗುರಕ್ ಮುಂಚೆ ಬಂದ್ರಾಯ್ತು!"