ಹನ್ನೆರಡು ಕಲ್ಲು

ಬ್ರಷ್ ಹಿಡಿದ ದಿನದಿಂದ ಇಂಥ ಪ್ರಸಂಗಗಳು ಆಗುತ್ತಲೇ ಇವೆ. ಈಚೆಗೆ ಹೆಚ್ಚಾಗಿವೆ.

ನಾನು ಸಾಲಿಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವ. ನಿವೃತ್ತಿಯಾದ ಮೇಲೆ ಕಲ್ಲಿನ ಚಿತ್ರ ಬರೆಯುತ್ತೇನೆ. ಆನೆಗೊಂದಿ ಕಡೆಯ ದೊಡ್ಡ ಬಂಡೆಗಳು. ಮನುಷ್ಯರನ್ನು ಬರೆದರೆ ಮೂಗು ಸರಿಯಿಲ್ಲ ಅನ್ನುತ್ತಾರೆ. ಕಲ್ಲು ತಕರಾರು ಮಾಡುವುದಿಲ್ಲ ಅಂದುಕೊಂಡೆ. ಕಲ್ಲು ಮಾಡಲಿಲ್ಲ.

ಈ ವರ್ಷ ಕೊಪ್ಪಳದಲ್ಲಿ ನನ್ನ ಮೊದಲ ಪ್ರದರ್ಶನ. ಎಪ್ಪತ್ತು ದಾಟಿದವನಿಗೆ ಮೊದಲನೆಯದೇ ಕೊನೆಯದೂ ಆಗಬಹುದು. ಒಬ್ಬನಾದರೂ ನಿಂತು ನೋಡಿ, ಇದು ಖರೆ ಕಲ್ಲು ಅಂದರೆ ಸಾಕಿತ್ತು.

ಮೊಳೆ

ಪ್ರದರ್ಶನ ಇಡಿಸುವ ಸಂಘದ ಕಾರ್ಯದರ್ಶಿ ಮನೆಗೆ ಬಂದ. ಹಳೆಯ ಚಿತ್ರಗಳನ್ನು ತೋರಿಸಿದೆ. ಕೂತಲ್ಲಿಂದಲೇ ನೋಡಿದ.

“ಇವು ನಡ್ಯಂಗಿಲ್ರಿ ಮಾಸ್ತರ. ಹೊಸಾವು ಹನ್ನೆರಡು ಬೇಕು. ಎರಡು ತಿಂಗಳದಾಗ.”

“ಹನ್ನೆರಡ ಯಾಕ?”

“ಹಾಲ್‌ನ್ಯಾಗ ಹನ್ನೆರಡು ಮೊಳಿ ಅದಾವರಿ.”

“ಹತ್ತು ಆದ್ರ?”

“ಸೀರಿ ಸೇಲ್‌ನವರು ಹಾಲ್ ಕೇಳಾಕತ್ಯಾರ್ರಿ. ಅವರು ಒಂದು ಮೊಳಿನೂ ಖಾಲಿ ಬಿಡಂಗಿಲ್ಲ.”

ಸರ್ವೆ

ಹನುಮನಹಳ್ಳಿಯ ಆಚೆ, ಗುಡ್ಡದ ಬುಡದಲ್ಲಿ ಸ್ಟ್ಯಾಂಡ್ ನಿಲ್ಲಿಸಿ ಕೂತೆ. ಕೈ ಚಾಚಿ, ಪೆನ್ಸಿಲ್ ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ ಬಂಡೆಯ ಅಳತೆ ನೋಡುತ್ತಿದ್ದೆ. ನಮ್ಮ ಕೆಲಸದಲ್ಲಿ ಅಳತೆ ಹಾಗೆಯೇ ನೋಡುವುದು. ಹೊಲದಿಂದ ಒಬ್ಬ ಓಡಿ ಬಂದ.

“ಸಾಹೇಬ್ರ, ಸರ್ವೆ ಏನ್ರಿ?”

“ಅಲ್ಲ. ಕಲ್ಲು ಬರೀತೀನಿ.”

“ಯಾವ ರಸ್ತಾಕ್ರಿ?”

“ರಸ್ತಾ ಅಲ್ಲೋ ಮಾರಾಯ. ಚಿತ್ರ.”

“ಮೊದಲ ಎಲ್ಲಾರೂ ಹಂಗ ಅಂತಾರ್ರಿ.” ಪಕ್ಕದಲ್ಲಿ ಕೂತ. “ನಮ್ಮ ಹೊಲ ಎಷ್ಟು ಹೋಕ್ಕೈತಿ?”

“ಏನೂ ಹೋಗಂಗಿಲ್ಲ.”

ಸಂತೋಷ ಪಡುತ್ತಾನೆ ಅಂದುಕೊಂಡೆ. ಅವನ ಮುಖ ಇಳಿಯಿತು.

“ಹಂಗಾರ ಬಾಜೂಕಿನವಂದು ತಗೊಂಡು ಪರಿಹಾರ ಅವಗ ಕೊಡ್ತೀರೇನು? ಅವ ಎಷ್ಟು ಚಹಾ ಕುಡಿಸ್ಯಾನ್ರಿ ನಿಮಗ?”

ಮರುದಿನ ಹೋದಾಗ ನಾನು ಕೂರುವ ಜಾಗದಲ್ಲಿ ಆರು ಮಂದಿ ಪಹಣಿ ಹಿಡಿದು ಕೂತಿದ್ದರು. ಬಾಜೂಕಿನವ ಎಲ್ಲರಿಗಿಂತ ಮುಂದೆ. ಕೈಯಲ್ಲಿ ಚಹಾದ ಥರ್ಮಾಸ್.

ಕುಡಿದೆ. ಚಹಾ ಛಲೋ ಇತ್ತು.

ಗಿಳಿ

ಯಲಬುರ್ಗಾ ಕಡೆಯ ಮಂಗಳೂರಿನಿಂದ ಬೀಗರು ಬಂದರು. ಪಡಸಾಲೆಯಲ್ಲಿ ಆರು ಚಿತ್ರ ಒಣಗಲು ಇಟ್ಟಿದ್ದೆ. ಬೀಗರು ಊಟ ಮುಗಿಸಿ, ಅಡಿಕೆ ಹಾಕಿಕೊಂಡು ಎಲ್ಲವನ್ನೂ ನೋಡಿದರು.

“ಬೀಗರ, ಬರೇ ಕಲ್ಲು ಆತಲ್ರಿ. ಮ್ಯಾಲ ಎರಡು ಗಿಳಿ ಕೂಡ್ಸಿದ್ರ ಏನಾಕ್ಕಿತ್ತು?”

“ಅಲ್ಲಿ ಗಿಳಿ ಇರಲಿಲ್ಲ.”

“ಇದ್ದಿರಬೇಕ್ರಿ. ನಿಮ್ಮ ಮುಖ ನೋಡಿ ಹಾರಿ ಹೋಗ್ಯಾವ.”

ಒಳಗಿಂದ ನನ್ನ ಹೆಂಡತಿ ಅಂದಳು: “ಇಷ್ಟು ಕಲ್ಲು ನಮ್ಮ ಹೊಲದಾಗಿಂದ ಆರಿಸಿ ಹೊರಗ ಹಾಕಿದ್ರ ಎರಡು ಚೀಲ ಜ್ವಾಳ ಹೆಚ್ಚಿಗಿ ಬರ್ತಿದ್ವು.”

ಬೀಗರು ನಕ್ಕದ್ದು ಇದಕ್ಕೇ ಹೆಚ್ಚು.

ಚೌಕಟ್ಟು

ಹನ್ನೆರಡೂ ಚಿತ್ರ ಗಂಗಾವತಿಗೆ ಒಯ್ದೆ. ಚೌಕಟ್ಟು ಹಾಕುವವ ಹಳೆಯ ಪರಿಚಯ. ದೇವರ ಫೋಟೋ, ತೀರಿಕೊಂಡವರ ಫೋಟೋ ಎರಡೇ ಅವನ ವ್ಯಾಪಾರ. ತಲೆ ಎತ್ತದೆ ಕೇಳಿದ:

“ಯಾವಾಗ ತೀರಿಕೊಂಡ್ರು ಮಾಸ್ತರ?”

“ಯಾರೂ ತೀರಿಕೊಂಡಿಲ್ಲ. ಕಲ್ಲು.”

ಆಗ ನೋಡಿದ. ಬಹಳ ಹೊತ್ತು ನೋಡಿದ. “ಯಾವ ದೇವ್ರ್ರಿ ಇದು?”

“ದೇವರಲ್ಲ. ಬರೇ ಕಲ್ಲು.”

“ಬರೇ ಕಲ್ಲಿಗೆ ಯಾರ್ರಿ ಗಾಜು ಹಾಕಸ್ತಾರ?”

ಚಿತ್ರ ಕೊಟ್ಟು ಬಂದೆ. ನಾಲ್ಕು ದಿನ ಬಿಟ್ಟು ಹೋಗಿ ತಂದೆ. ಮನೆಯಲ್ಲಿ ಕಾಗದ ಬಿಚ್ಚಿದರೆ ಹನ್ನೆರಡು ಗಾಜಿನ ಮೇಲೂ ಮೂರು ಬಿಳಿ ಗೆರೆ, ನಡುವೆ ಕುಂಕುಮ. ಅಂಟಿಸುವ ಕಾಗದದ್ದು. ಫೋನ್ ಮಾಡಿ ಬೈದೆ.

“ಸಿಟ್ಟಾಗಬ್ಯಾಡ್ರಿ ಮಾಸ್ತರ,” ಅಂದ. “ಅದು ನನ್ನ ಸೇವಾ.”

ಬ್ಲೇಡಿನಿಂದ ಕೆರೆಯಲು ಒಂದು ದಿನ ಹಿಡಿಯಿತು. ಹೆಂಡತಿ ಒಂದನ್ನು ಕೆರೆಯಲು ಬಿಡಲಿಲ್ಲ. ಅದಕ್ಕೆ ಆಗಲೇ ಊದಿನಕಡ್ಡಿ ಬೆಳಗಿದ್ದಳು. ಆಕೆ ನೀರಿಗೆ ಹೋದಾಗ ಕೆರೆದೆ.

ಉದ್ಘಾಟನೆ

ಉದ್ಘಾಟನೆಯ ಬೆಳಿಗ್ಗೆ ಕಾರ್ಯದರ್ಶಿ ಫ್ಲೆಕ್ಸ್ ತಂದ. ಗೋಡೆಯ ಅರ್ಧ ಬಂತು. ಐದು ಚಿತ್ರ ಅದರ ಹಿಂದೆ ಹೋದವು.

“ನನ್ನ ಚಿತ್ರ?” ಅಂದೆ.

“ಹಾಕೀವಲ್ರಿ. ಕೆಳಗ, ಎಡಕ್ಕ.”

ನೋಡಿದೆ. ದೊಡ್ಡವರ ಮುಖಗಳ ಕೆಳಗೆ ಸ್ಟ್ಯಾಂಪಿನಷ್ಟು ನನ್ನ ಫೋಟೋ. ಅದರ ಮುಂದೆ ಹೂಕುಂಡ.

ಮುಖ್ಯ ಅತಿಥಿಗಳು ಚಿತ್ರಗಳಿಗೆ ಬೆನ್ನು ಮಾಡಿ ಕೂತರು. ಮುಕ್ಕಾಲು ತಾಸು ಮಾತಾಡಿದರು. ಹೂವು, ಹಕ್ಕಿ, ಹರಿಯುವ ನದಿ ನನ್ನ ಕುಂಚದಲ್ಲಿ ಜೀವ ತಳೆದಿವೆ ಅಂದರು. ಹೊರಡುವಾಗ ನನ್ನ ಕಿವಿಯಲ್ಲಿ ಕೇಳಿದರು: “ಚಿತ್ರ ಯಾವಾಗ ತರ್ತಾರ್ರಿ?”

“ನಿಮ್ಮ ಬೆನ್ನ ಹಿಂದ ಅದಾವ.”

ತಿರುಗಿ ನೋಡಿದರು. “ಓಹೋ. ಗ್ವಾಡಿ ಸುಣ್ಣ ಕಿತ್ತು ಹೋಗೈತಿ ಅಂತ ತಿಳ್ಕೊಂಡಿದ್ದೆ.”

ಬಾಗಿಲ ಹತ್ತಿರದ ಚಿತ್ರದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಎಲ್ಲಕ್ಕಿಂತ ಇದೇ ಶ್ರೇಷ್ಠ ಅಂದರು. ಕಾರು ಆ ಬಾಗಿಲಿಗೇ ಬಂದಿತ್ತು.

ಕಲ್ಲು ಬಲ್ಲವ

ಮೂರನೆಯ ದಿನ ಮಧ್ಯಾಹ್ನ. ಫ್ಲೆಕ್ಸ್ ಬಿಚ್ಚಿ ಒಯ್ದಿದ್ದರು. ಹಾಲ್‌ನಲ್ಲಿ ನಾನು, ಫ್ಯಾನು. ಒಬ್ಬ ನೀರು ಕೇಳಿಕೊಂಡು ಒಳಗೆ ಬಂದ. ಕುಷ್ಟಗಿ ಕಡೆಯವ, ಕಲ್ಲು ಒಡೆಯುವ ಕೆಲಸ ಅಂದ. ಲೋಟ ಹಿಡಿದೇ ಮೊದಲನೆಯ ಚಿತ್ರದ ಮುಂದೆ ನಿಂತ. ಗಾಜಿನ ಮೇಲೆ ಬೆರಳಿಟ್ಟ.

“ಈ ಗೆರಿ ಹಿಡದು ಬೆಣಿ ಬಡದ್ರ ಸರಿಯಾಗಿ ಎರಡು ಹೋಳ ಆಕ್ಕೈತ್ರಿ.”

ಎರಡನೆಯದು. “ಇದು ಮೊಂಡ. ಸುತ್ತಿಗಿ ಮುರೀತೈತಿ.”

ಮೂರನೆಯದು. “ಇದನ್ನ ಮುಟ್ಟಬಾರದ್ರಿ. ಮೈಮ್ಯಾಲ ಉರಳತೈತಿ.”

ಹೀಗೆ ಹನ್ನೊಂದು. ಒಂದನ್ನೂ ಬಿಡಲಿಲ್ಲ. ನಾನು ಎದ್ದು ನಿಂತೆ. ನಿಂತದ್ದು ನನಗೇ ಗೊತ್ತಾಗಲಿಲ್ಲ.

ಬಾಗಿಲ ಹತ್ತಿರದ ಹನ್ನೆರಡನೆಯದಕ್ಕೆ ಬಂದ. ಹನ್ನೊಂದನ್ನು ಗುಡ್ಡದ ಮುಂದೆ ಕೂತು ಬರೆದಿದ್ದೆ. ಇದರ ಹೊತ್ತಿಗೆ ಮಂಡಿ ಕೈಕೊಟ್ಟಿತ್ತು, ಎರಡು ತಿಂಗಳೂ ಮುಗಿಯುತ್ತ ಬಂದಿತ್ತು. ಮನೆಯಲ್ಲೇ ಕೂತು ಮುಗಿಸಿದ್ದೆ. ಯಾರಿಗೂ ಹೇಳಿರಲಿಲ್ಲ.

ಅವ ನಿಂತೇ ಇದ್ದ. ಲೋಟದ ನೀರು ಮುಗಿಯಿತು.

“ಮಾಸ್ತರ, ತಪ್ಪು ತಿಳ್ಕೋಬ್ಯಾಡ್ರಿ. ಇದು ಕಲ್ಲಲ್ರಿ.”

“ಯಾಕ?”

“ಬಡದ್ರ ಹೋಳ ಆಗಂಗಿಲ್ರಿ ಇದು. ಪುಡಿಪುಡಿ ಆಕ್ಕೈತಿ. ಅಂಚು ನೋಡ್ರಿ, ಕರಗಿದಂಗ ಐತಿ. ಖರೆ ಹೇಳ್ರಿ, ಎಲ್ಲಿ ನೋಡಿ ಬರದ್ರಿ?”

ಅತಿಥಿಗಳಾಗಿದ್ದರೆ ಏನೋ ಹೇಳುತ್ತಿದ್ದೆ. ಇವನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಅಡಿಗಿಮನ್ಯಾಗ. ಬೆಲ್ಲದ ಪೆಂಟಿ ಮುಂದ ಇಟ್ಕೊಂಡು.”

ಅವ ನನ್ನನ್ನು ನೋಡಿದ. ಚಿತ್ರವನ್ನು ನೋಡಿದ. ಲೋಟ ಕೆಳಗಿಟ್ಟ.

“ಹಂಗಾರ ಹನ್ನೆರಡರಾಗ ಇದ ಭಾಳ ಛಲೋ ಬಂದೈತಿ ಬಿಡ್ರಿ.”