ಜೀಪಿನ ಬ್ರೇಕಿನಲ್ಲಿ ಕುಳಿತ ಗಾಳಿ

ನೆನಪನ್ನು ನಂಬಿ ಕೆಟ್ಟವರ ಪೈಕಿ ನಾನೂ ಒಬ್ಬ. ಯಾರೊಡನೆ ಏನು ಮಾತಾಡಿದೆನೆಂದು ಅಂದೇ ಡೈರಿಯಲ್ಲಿ ಬರೆದಿಟ್ಟರೂ, ವಾರ ಕಳೆದು ಓದಿದರೆ ಅದು ನನಗಿಂತ ಜಾಣನಾದ ಬೇರೆ ಯಾರದೋ ಮಾತಿನಂತೆ ಕಾಣುತ್ತದೆ. ಹಾಗಾಗಿ ಏನನ್ನೇ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡುವುದು ನನ್ನ ಅಭ್ಯಾಸ. ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು. ನೆನಪು ಸುಳ್ಳು ಹೇಳಬಹುದು, ದಾಖಲೆ ಹೇಳುವುದಿಲ್ಲ ಎಂದು ನಂಬಿದ್ದೆ. ನಂಬಿದ್ದೇನೆ ಎಂದು ಬರೆಯಲಾಗದಂತೆ ಮಾಡಿದ್ದು ನಮ್ಮ ಜೀಪು.

ನಮ್ಮಲ್ಲಿ ಜೀಪು ಓಡಿಸುವವಳು ನನ್ನ ಹೆಂಡತಿ ವೀಣಾ, ರಿಪೇರಿ ಮಾಡುವವನು ನಾನು. ಈ ಹಂಚಿಕೆ ಹೇಗಾಯಿತೆಂದು ಕೇಳಿದರೆ ಇಬ್ಬರೂ ಬೇರೆ ಬೇರೆ ಕಥೆ ಹೇಳುತ್ತೇವೆ, ಅದಿರಲಿ. ಮಳೆಗಾಲದಲ್ಲಿ ಹುದಿಕೇರಿ ಕಡೆಯ ಒಂದು ಎಸ್ಟೇಟಿನಲ್ಲಿ ಜೀಪ್ ಸ್ಪರ್ಧೆ ನಡೆಯುತ್ತದೆ. ಹೋದ ವರ್ಷ ಹೆಂಗಸರ ವಿಭಾಗದಲ್ಲಿ ವೀಣಾ ಎಲ್ಲರಿಗಿಂತ ಚೆನ್ನಾಗಿ ದಿಬ್ಬ ಹತ್ತಿದಳು. ಇಳಿಯುವಾಗ ಮಾತ್ರ ಹಿಂದಿನ ಡ್ರಮ್ ಬ್ರೇಕಿನೊಳಗೆ ಕೆಸರು ಹೊಕ್ಕು, ಗೆರೆಯ ಮುಂದೆ ನಿಲ್ಲಬೇಕಾದ ಜೀಪು ಗೆರೆ ದಾಟಿ ಹೊಂಡದಲ್ಲಿ ಕುಳಿತಿತು. ಮೊಣಕಾಲಿನ ತನಕ ಕೆಸರಾಗಿ ಎದ್ದು ಬಂದವಳು ನನಗೆ ಹೇಳಿದ್ದು ಇಷ್ಟೇ: "ಮುಂದಿನ ಸಲಕ್ಕೆ ನಿಲ್ಲೋ ಜೀಪ್ ಕೊಡಿ. ಗೆಲ್ಲೋದು ನನಗೆ ಬಿಡಿ."

ಡಿಸ್ಕ್ ಬ್ರೇಕಿಗೆ ಕೆಸರು ತುಂಬಿಕೊಳ್ಳುವ ಡಬ್ಬಿಯೇ ಇಲ್ಲ. ಕುಶಾಲನಗರದ ಗುಜರಿಯೊಂದರಲ್ಲಿ ಹಿಂದಿನ ಚಕ್ರಗಳಿಗೂ ಡಿಸ್ಕ್ ಇರುವ, ದೊಡ್ಡ ಗಾಡಿಯೊಂದರ ಹಿಂದಿನ ಆಕ್ಸಲ್ ಸಿಕ್ಕಿತು. ಚಕ್ರದ ಬಳಿ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಕ್ಯಾಲಿಪರುಗಳನ್ನು ಬಿಚ್ಚಿಸುವ ಮೊದಲು ಫೋಟೋ ತೆಗೆದೆ, ಸೀಮೆಸುಣ್ಣದಲ್ಲಿ ಎಡ, ಬಲ ಎಂದು ಗುರುತೂ ಹಾಕಿದೆ. ಮೆಕ್ಯಾನಿಕ್ ಹಂಸ ಹಳೆಯ ಆಕ್ಸಲ್ ಇಳಿಸಿ ಇದನ್ನು ಕೂರಿಸಿಕೊಟ್ಟ. "ಪೈಪ್ ಕೂಡ ನಾನೇ ಮಾಡ್ತೇನೆ ಸಾರ್, ಎರಡು ದಿವಸ ಬಿಡಿ" ಎಂದ. ಪೈಪು ತಾನೇ ಎಂದು ಜೀಪನ್ನು ಮನೆಗೆ ತಂದು, ಸೀಮೆಸುಣ್ಣದ ಗುರುತು ನೋಡಿಕೊಂಡು ಕ್ಯಾಲಿಪರುಗಳನ್ನೂ ನಾನೇ ಕೂರಿಸಿದೆ.

ಬ್ರೇಕಿನ ಪೈಪು ಬಗ್ಗಿಸಿದವರಿಗೇ ಗೊತ್ತು ಅದರ ಹಟ. ನನ್ನ ಮೊದಲ ಪೈಪು ಸೌತೆ ಬಳ್ಳಿಯಂತೆ ಎತ್ತೆತ್ತಲೋ ಹೋಯಿತು. ಈಗ ಅದು ಹಿತ್ತಲಲ್ಲಿ ಟೊಮೇಟೊ ಗಿಡಕ್ಕೆ ಆಸರೆ. ಎರಡನೆಯದು ಆಕ್ಸಲನ್ನು ತಬ್ಬಿಕೊಂಡು ಕೂತಿತು. ಜೀಪಿನ ಒಂದು ಚಕ್ರವನ್ನು ಬಂಡೆಯ ಮೇಲೆ ಹತ್ತಿಸಿ, ಇನ್ನೊಂದು ಚಕ್ರ ಪೂರ್ತಿ ಜೋತುಬಿದ್ದಾಗಲೂ ಜೀಪಿನ ಮೈಯಿಂದ ಆಕ್ಸಲಿಗೆ ಬರುವ ರಬ್ಬರ್ ಹೋಸ್ ಬಿಗಿಯುವುದಿಲ್ಲವೆಂದು ನೋಡಿಕೊಂಡೆ. ಆಗ ನನಗಾದ ಸಂತೋಷ ಎಂ.ಎ. ಫಲಿತಾಂಶ ಬಂದಾಗಲೂ ಆಗಿರಲಿಲ್ಲ. ಆಗಿತ್ತೋ ಏನೋ, ನೆನಪಿಲ್ಲ.

ಉಳಿದದ್ದು ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸ. ಗಾಳಿ ಉಳಿದರೆ ಪೆಡಲ್ ಮೆತ್ತಗಾಗಿ ಬ್ರೇಕ್ ಹಿಡಿಯುವುದಿಲ್ಲ. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಮಲಗಿ ಕ್ಯಾಲಿಪರಿನ ನಿಪ್ಪಲ್ ಸಡಿಲಿಸಬೇಕು; ಎಣ್ಣೆಯ ಜೊತೆ ಗಾಳಿಯ ಗುಳ್ಳೆ ಹೊರಗೆ ಬರುತ್ತದೆ. ವೀಣಾ ಸೀಟಿನಲ್ಲಿ, ನಾನು ಕೆಳಗೆ.

"ಒತ್ತು. ಹಿಡ್ಕೋ. ಬಿಡು."

ಸಂಜೆಯಾದರೂ ಪೆಡಲ್ ಹಣ್ಣಾದ ಹಲಸಿನಂತೆ ಮೆತ್ತಗೇ ಇತ್ತು.

"ನೀನು ಸರಿಯಾಗಿ ಹಿಡ್ಕೊಂಡಿಲ್ಲ" ಎಂದೆ.

"ಮದುವೆಯಾದಾಗ್ಲಿಂದ ನಿಮ್ಮ ಮಾತು ಇಷ್ಟು ಕೇಳಿದ್ದು ಇದೇ ಮೊದಲು ಕಣ್ರೀ. ತಪ್ಪು ನನ್ನ ಕಾಲಿನದಲ್ಲ."

ಹಂಸನಿಗೆ ಫೋನ್ ಮಾಡಿದೆ. "ಮಾಸ್ಟರ್ ಸಿಲಿಂಡರ್ ಹೋಗಿರ್ತದೆ ಸಾರ್, ಹಳೇದಲ್ವಾ" ಎಂದು ನೋಡದೆಯೇ ತೀರ್ಪು ಕೊಟ್ಟ. ಪೆಡಲ್ ಒತ್ತಿದಾಗ ಪೈಪಿಗೆ ಎಣ್ಣೆ ತಳ್ಳುವ ಆ ಸಿಲಿಂಡರನ್ನೂ ಹೊಸದು ಹಾಕಿದ್ದಾಯಿತು. ಪೆಡಲ್ ಮತ್ತೆ ಹಲಸು. ಸ್ಪರ್ಧೆ ಬರುವ ಭಾನುವಾರ. ವೀಣಾ ಹೆಸರು ಹಿಂತೆಗೆದುಕೊಳ್ಳುವ ಮಾತಾಡಲಿಲ್ಲ; ಸ್ಪರ್ಧೆಗೆಂದು ಕೊಂಡ ಹೊಸ ಗಮ್‌ಬೂಟನ್ನು ಅಟ್ಟದ ಮೇಲೆ ಇಟ್ಟಳು, ಅಷ್ಟೇ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಅವಳೂ ಜೀಪಿನ ಕೆಳಗೆ ಬಗ್ಗಿ ನೋಡಿದಳು. "ಗಾಳಿ ಮೇಲಕ್ಕೆ ತಾನೇ ಹೋಗೋದು? ಈ ನಿಪ್ಪಲ್ ಕೆಳಗಡೆ ಇದೆಯಲ್ಲ. ಮೇಲೆ ಕೂತಿರೋದನ್ನ ಕೆಳಗಿಂದ ಕರೆದ್ರೆ ಬರುತ್ತಾ?"

"ಅದರ ಜಾಗವೇ ಅಲ್ಲಿ" ಎಂದೆ. "ನಾನು ನೆನಪಿನಿಂದ ಹೇಳ್ತಿಲ್ಲ. ಫೋಟೋ ಇದೆ."

ಫೋಟೋದಲ್ಲಿ ಎರಡೂ ನಿಪ್ಪಲ್ಲು ಕೆಳಗೇ ಇದ್ದವು. ಅವಳು ಬೆರಳಿನಿಂದ ಚಿತ್ರ ಹಿಗ್ಗಿಸಿದಳು.

"ಆಕ್ಸಲ್ ನಡುವೆ ಇರೋ ಈ ಬೋಲ್ಟ್ ಯಾವುದು?"

"ಗೇರಿನ ಹಳೇ ಎಣ್ಣೆ ಬಸಿದು ತೆಗೆಯೋಕೆ" ಎಂದು ಪಾಠ ಹೇಳಿದೆ.

"ಅದು ಮೇಲಿದೆಯಲ್ರೀ. ಎಣ್ಣೆ ಆಕಾಶಕ್ಕೆ ಬಸಿಯುತ್ತಾ?"

ನಾನು ಫೋನು ತೆಗೆದುಕೊಂಡು ನೋಡಿದೆ. ಅದನ್ನು ತಿರುಗಿಸಿ ಹಿಡಿದು ಇನ್ನೊಮ್ಮೆ ನೋಡಿದೆ. ಗುಜರಿಯ ಅಂಗಳದಲ್ಲಿ ಆಕ್ಸಲ್ ತಲೆಕೆಳಗಾಗಿ ಬಿದ್ದಿತ್ತು. ಫೋಟೋ ಸುಳ್ಳು ಹೇಳಿರಲಿಲ್ಲ. ಅಂಗಾತ ಮಲಗಿದ್ದವನನ್ನು ನಾನು ನಿಂತವನೆಂದು ತಿಳಿದಿದ್ದೆ. ನಾನು ಎಡವೆಂದು ಬರೆದದ್ದು ಬಲ, ಬಲವೆಂದು ಬರೆದದ್ದು ಎಡ. ಕ್ಯಾಲಿಪರುಗಳನ್ನು ಅದಲು ಬದಲು ಕೂರಿಸಿ, ಅವು ತಪ್ಪಾಗಿ ಕೂತಿರುವುದಕ್ಕೆ ಸಾಕ್ಷಿಯನ್ನೂ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೆ. ಇತಿಹಾಸದಲ್ಲಿ ಇಂಥದ್ದು ಎಷ್ಟು ನಡೆದಿರಬಹುದೆಂದು ಯೋಚಿಸುತ್ತ ನಿಂತವನ ಕೈಗೆ ವೀಣಾ ಸ್ಪ್ಯಾನರ್ ಕೊಟ್ಟಳು.

ಕ್ಯಾಲಿಪರುಗಳ ಜಾಗ ಬದಲಾಯಿಸಿ, ನಿಪ್ಪಲ್ ಮೇಲೆ ಬಂದದ್ದೇ ತಡ, ಗುಳ್ಳೆಗಳು ಒಂದರ ಹಿಂದೊಂದು ಹೊರಟವು. ಪೆಡಲ್ ಗಟ್ಟಿಯಾಯಿತು. ವೀಣಾ ಅಟ್ಟದಿಂದ ಬೂಟು ಇಳಿಸಿ ಹಾಕಿಕೊಂಡು ಜೀಪನ್ನು ತೋಟದ ಇಳಿಜಾರಿನ ತಲೆಗೆ ಒಯ್ದಳು. ರಾತ್ರಿಯ ಮಳೆಗೆ ದಾರಿ ಇನ್ನೂ ಜಾರುತ್ತಿತ್ತು.

"ಪೈಪ್ ಹಾಕಿದವರು ಕೆಳಗೆ ದಾರಿಗೆ ಅಡ್ಡ ನಿಲ್ಲಿ" ಎಂದು ಕೂಗಿದಳು. "ನೀವು ನಿಂತ್ರೆ ನಾನು ಭಾನುವಾರ ಓಡಿಸ್ತೀನಿ."

ನಿಂತೆ. ಜೀಪು ಕೆಸರು ಹಾರಿಸುತ್ತ ಇಳಿದು ಬಂತು. ಅರ್ಧ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಳು. ನಾಲ್ಕೂ ಚಕ್ರ ಒಟ್ಟಿಗೇ ಹಿಡಿದು ಜೀಪು ನಿಂತಿತು. ಕಿಟಕಿಯಿಂದ ತಲೆ ಹೊರಹಾಕಿ ನಗುತ್ತ ಕೇಳಿದಳು: "ಕಲ್ಲು ಹಿಡಿದ ಹಾಗೆ ಹಿಡೀತು ಕಣ್ರೀ! ಭಾನುವಾರ ನನ್ನ ಪಕ್ಕದ ಸೀಟಲ್ಲಿ ಕೂರ್ತೀರಲ್ಲ?"

"ಕೂರದೆ ಏನು! ನಾನೇ ಹಾಕಿದ ಪೈಪು" ಎಂದೆ. ಕಾಫಿ ಗಿಡದ ಹಿಂದಿನಿಂದ ಹೇಳಿದ್ದರಿಂದ ಆ ಮಾತಿಗೆ ಬರಬೇಕಾದಷ್ಟು ತೂಕ ಬರಲಿಲ್ಲ.